ಗುರುತು ಬಿಟ್ಟುಕೊಡದೆ ಅಭಿಪ್ರಾಯ ಬರೆಯುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಬೇರೆ ಹೆಸರಿನಲ್ಲಿ ಬರೆಯಲು ಹೊರಟವರು ಮತ್ತೆ ಮತ್ತೆ ಒಂದೇ ಕಡೆ ಎಡವುತ್ತಿದ್ದಾರೆ. ಮೊದಲು ಖಾತೆ ತೆರೆಯುತ್ತಾರೆ, ನಾಲ್ಕು ಪೋಸ್ಟ್ ಹಾಕುತ್ತಾರೆ, ಯಾರೋ ಒಬ್ಬರು "ಇದು ನೀನೇ ತಾನೆ?" ಎಂದು ಕೇಳಿದ ಮೇಲೆ ವಿಪಿಎನ್ (ನಿಮ್ಮ ಸಂಪರ್ಕವನ್ನು ಇನ್ನೊಂದು ಕಂಪನಿಯ ಮೂಲಕ ದಾಟಿಸುವ ಸೇವೆ) ಹುಡುಕಲು ಕೂರುತ್ತಾರೆ. ಅಷ್ಟು ಹೊತ್ತಿಗೆ ಆ ಖಾತೆಗೆ ಅವರ ಫೋನ್ ನಂಬರ್ ಅಂಟಿರುತ್ತದೆ, ಹಳೆಯ ಇಮೇಲ್ ಅಂಟಿರುತ್ತದೆ, ಮನೆಯ ಇಂಟರ್‌ನೆಟ್ ಸಂಪರ್ಕದ ಐಪಿ ವಿಳಾಸ (ಆ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಕಂಪನಿಯ ದಾಖಲೆ ಸೇರಿರುತ್ತದೆ. ಆಮೇಲೆ ಏನು ಮಾಡಿದರೂ ಮೊದಲ ದಿನ ಬಿದ್ದ ಕೊಂಡಿ ಕಳಚುವುದಿಲ್ಲ.

ಹಾಗಾಗಿ ಇಲ್ಲಿ ಯಾವ ಆ್ಯಪ್ ಒಳ್ಳೆಯದು ಎನ್ನುವುದಕ್ಕಿಂತ ಯಾವುದು ಮೊದಲು, ಯಾವುದು ನಂತರ ಎನ್ನುವುದೇ ಮುಖ್ಯ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಈಗಾಗಲೇ ಖಾತೆ ತೆರೆದಿದ್ದರೆ ಅದನ್ನೇ ತೇಪೆ ಹಾಕಿ ಸರಿಮಾಡಲು ಹೋಗದೆ, ಅದನ್ನು ಬಿಟ್ಟು ಮೊದಲನೇ ಹಂತದಿಂದ ಹೊಸದಾಗಿ ಶುರುಮಾಡಿ. ಹಳೆಯ ಖಾತೆಯಿಂದ "ಇನ್ನು ಮುಂದೆ ಇಲ್ಲಿ ಸಿಗುತ್ತೇನೆ" ಎಂದು ಹೊಸದರ ದಾರಿ ತೋರಿಸಬೇಡಿ.

## ಕೈಯಲ್ಲಿ ಇರಬೇಕಾದವು

ದುಬಾರಿಯಾದದ್ದು ಯಾವುದೂ ಬೇಡ. ನೀವು ದಿನನಿತ್ಯ ಬಳಸದ ಇನ್ನೊಂದು ಬ್ರೌಸರ್, ಅಗತ್ಯವಿದ್ದರೆ ಟಾರ್ ಬ್ರೌಸರ್ (ನೀವು ಎಲ್ಲಿಂದ ಬಂದಿರಿ ಎಂದು ಮರೆಸುವ ಉಚಿತ ಬ್ರೌಸರ್). ಕೀಪಾಸ್‌ಎಕ್ಸ್‌ಸಿಯಂಥ ಉಚಿತ ಪಾಸ್‌ವರ್ಡ್ ಮ್ಯಾನೇಜರ್. ಲಾಗಿನ್ ಆಗುವಾಗ ಎರಡನೇ ಕೋಡ್ ಕೊಡುವ ಆ್ಯಪ್. ಫೋಟೊಗಳೊಳಗಿನ ಮಾಹಿತಿ ನೋಡಿ ಅಳಿಸಲು ಎಕ್ಸಿಫ್‌ಟೂಲ್ ಅಥವಾ ಅಂಥದ್ದೇ ಒಂದು ಸಾಧನ. ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಒಂದು ಸಣ್ಣ ನೋಟ್‌ಬುಕ್. ಅದು ಏಕೆಂದು ಆರನೇ ಹಂತದಲ್ಲಿ ತಿಳಿಯುತ್ತದೆ.

ಕಚೇರಿಯ ಲ್ಯಾಪ್‌ಟಾಪ್, ಕಚೇರಿಯ ಫೋನ್, ಕಚೇರಿ ಅಥವಾ ಕಾಲೇಜಿನ ವೈಫೈ ಈ ಪಟ್ಟಿಯಲ್ಲಿ ಇಲ್ಲ. ಸಂಸ್ಥೆ ಕೊಟ್ಟ ಸಾಧನದಲ್ಲಿ ಏನು ನಡೆಯುತ್ತದೆ ಎಂದು ನೋಡುವ ತಂತ್ರಾಂಶವನ್ನು ಸಂಸ್ಥೆಯೇ ಹಾಕಿರಬಹುದು. ಒಂದೇ ಒಂದು ಸಲ ಎಂದುಕೊಂಡು ಕೂಡ ಅಲ್ಲಿಂದ ಲಾಗಿನ್ ಆಗಬೇಡಿ.

## ಹಂತ 1: ಯಾರ ಕಣ್ಣಿನಿಂದ ಮರೆಯಾಗಬೇಕು?

ಕಂಪ್ಯೂಟರ್ ಮುಟ್ಟುವ ಮೊದಲು ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಬರೆಯಿರಿ. "ಎಲ್ಲರಿಂದ" ಎನ್ನುವುದು ಉತ್ತರವಲ್ಲ. ಸಾಮಾನ್ಯವಾಗಿ ಇದು ಮೂರು ಬಗೆಯದಾಗಿರುತ್ತದೆ.

ಮೊದಲನೆಯದು ಪರಿಚಿತರು: ಸಹೋದ್ಯೋಗಿಗಳು, ಬಂಧುಗಳು, ಹಳೆಯ ಸ್ನೇಹಿತರು. ಇವರ ಬಳಿ ತಂತ್ರಜ್ಞಾನ ಇರುವುದಿಲ್ಲ, ನಿಮ್ಮ ಬದುಕಿನ ವಿವರಗಳು ಇರುತ್ತವೆ. ವಿಪಿಎನ್ ಇವರ ಮುಂದೆ ಕೆಲಸಕ್ಕೆ ಬರುವುದಿಲ್ಲ. ನೀವು ಬರೆಯುವ ವಿಷಯ ಮತ್ತು ಬರೆಯುವ ರೀತಿಯೇ ಗುರುತು ಕೊಡುತ್ತದೆ.

ಎರಡನೆಯದು ಸಿಟ್ಟಿಗೆದ್ದ ಅಪರಿಚಿತರು. ನಿಮ್ಮ ಮಾತು ಹಿಡಿಸದೆ ಹಳೆಯ ಪೋಸ್ಟ್‌ಗಳನ್ನೆಲ್ಲ ಕೂತು ಓದುವ, ಚಿತ್ರಗಳನ್ನು ಹುಡುಕಿ ನೋಡುವ, ಇಂಥದ್ದಕ್ಕೆ ತಾಳ್ಮೆಯುಳ್ಳ ಜನ. ಇವರಿಗೆ ಸಿಗುವುದು ಮರುಬಳಸಿದ ಹೆಸರು, ಮರುಬಳಸಿದ ಫೋಟೊ ಮತ್ತು ಸಣ್ಣ ಸಣ್ಣ ವಿವರಗಳು.

ಮೂರನೆಯದು ದಾಖಲೆ ಕೇಳುವ ಅಧಿಕಾರ ಉಳ್ಳವರು: ನ್ಯಾಯಾಲಯ, ಪೊಲೀಸ್, ಸರ್ಕಾರ, ಮೊಕದ್ದಮೆ ಹೂಡಲು ಶಕ್ತಿಯಿರುವ ದೊಡ್ಡ ಸಂಸ್ಥೆ. ಗುಪ್ತನಾಮದಲ್ಲಿ ಬರೆದ ಮಾತ್ರಕ್ಕೆ ಮಾನನಷ್ಟದ ಕಾನೂನಾಗಲಿ ಬೆದರಿಕೆಯ ಕಾನೂನಾಗಲಿ ನಿಮ್ಮನ್ನು ಬಿಟ್ಟುಬಿಡುವುದಿಲ್ಲ. ಆದೇಶ ಬಂದರೆ ಕಂಪನಿಗಳು ತಮ್ಮಲ್ಲಿರುವ ಮಾಹಿತಿಯನ್ನು ಕೊಡುತ್ತವೆ. ನೀವು ಬರೆಯಲಿರುವುದು ದೊಡ್ಡ ಅಕ್ರಮವೊಂದನ್ನು ಬಯಲಿಗೆಳೆಯುವ ವಿಷಯವಾಗಿದ್ದರೆ ಈ ಮಾರ್ಗದರ್ಶಿ ಒಂದರ ಮೇಲೆ ಭಾರ ಹಾಕಬೇಡಿ. ಮೊದಲ ಸಾಲು ಬರೆಯುವ ಮುನ್ನವೇ ವಕೀಲರೊಬ್ಬರ ಜತೆ ಮಾತಾಡಿ.

ಮುಂದಿನ ಹಂತಗಳು ಮುಖ್ಯವಾಗಿ ಮೊದಲ ಎರಡು ಬಗೆಗೆ. ಮೂರನೆಯದಕ್ಕೆ ಬೇಕಾದ ಎಚ್ಚರವನ್ನು ಆಯಾ ಜಾಗದಲ್ಲಿ ಸೇರಿಸಿದ್ದೇನೆ.

## ಹಂತ 2: ಹೆಸರು, ಚಿತ್ರ, ಹುಟ್ಟಿದ ದಿನ

ಗುಪ್ತನಾಮ ಹೊಸದಾಗಿರಬೇಕು. ಎಂದರೆ ಹತ್ತು ವರ್ಷದ ಹಿಂದೆ ಆಟಕ್ಕೋ ಪ್ರಶ್ನೋತ್ತರಕ್ಕೋ ಬಳಸಿ ಮರೆತ ಹೆಸರೂ ಬೇಡ. ಸಿಲ್ಕ್ ರೋಡ್ ಎಂಬ ಕಳ್ಳ ಮಾರುಕಟ್ಟೆ ನಡೆಸುತ್ತಿದ್ದ ರಾಸ್ ಉಲ್‌ಬ್ರಿಕ್ಟ್ 2013ರಲ್ಲಿ ಸಿಕ್ಕಿಬೀಳಲು ದಾರಿ ಮಾಡಿಕೊಟ್ಟ ಸುಳಿವುಗಳಲ್ಲಿ ಇದೂ ಒಂದು. 2011ರಲ್ಲಿ ಆ ಮಾರುಕಟ್ಟೆಯ ಪ್ರಚಾರಕ್ಕೆ ಬಳಸಿದ್ದ ಅಡ್ಡಹೆಸರನ್ನೇ ಅದೇ ವರ್ಷ ಇನ್ನೊಂದು ಪ್ರಕಟಣೆಗೂ ಬಳಸಿದ. ಅದರಲ್ಲಿ ಸಂಪರ್ಕಕ್ಕೆಂದು ಕೊಟ್ಟ ಇಮೇಲಿನಲ್ಲಿ ಅವನ ನಿಜ ಹೆಸರೇ ಇತ್ತು. ಆಮೇಲೆ ಎಷ್ಟು ಎಚ್ಚರ ವಹಿಸಿದರೂ ಆ ಕೊಂಡಿ ಉಳಿದುಕೊಂಡಿತು.

ಆರಿಸಿದ ಹೆಸರನ್ನು ಎರಡು ಮೂರು ಸರ್ಚ್ ಎಂಜಿನ್‌ಗಳಲ್ಲಿ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ನಿಮ್ಮ ಇನಿಷಿಯಲ್, ಹುಟ್ಟಿದ ವರ್ಷ, ಮಕ್ಕಳ ಹೆಸರು, ಮನೆಯ ಹೆಸರು, ನೀವು ಸದಾ ಹೊಗಳುವ ಕಥಾಪಾತ್ರ, ಇವುಗಳ ವಾಸನೆಯೂ ಅದರಲ್ಲಿ ಇರಬಾರದು. ಇಷ್ಟವಾದ ಹೆಸರು ಎನ್ನುವುದೇ ಅದನ್ನು ಬಿಡಲು ಕಾರಣ, ಏಕೆಂದರೆ ನಿಮಗೆ ಏನು ಇಷ್ಟ ಎಂದು ಪರಿಚಿತರಿಗೆ ಗೊತ್ತು.

ಪ್ರೊಫೈಲಿಗೆ ನಿಮ್ಮ ಫೋನಿನಲ್ಲಿ ತೆಗೆದ ಚಿತ್ರ ಬೇಡ, ಅದು ಹೂವಿನದ್ದಾದರೂ ಸರಿ. ಒಂದು ಚಿತ್ರ ಎಲ್ಲೆಲ್ಲಿ ಪ್ರಕಟವಾಗಿದೆ ಎಂದು ಹುಡುಕುವುದು ಈಗ ಯಾರಿಗಾದರೂ ನಿಮಿಷದ ಕೆಲಸ. ಒಂದೇ ಬಣ್ಣದ ಚೌಕ ಸಾಕು. ಇನ್ನೊಬ್ಬ ವ್ಯಕ್ತಿಯ ಫೋಟೊವನ್ನಂತೂ ಹಾಕಲೇಬೇಡಿ, ನಿಮ್ಮ ಮಾತಿನ ಪೆಟ್ಟು ಅವರಿಗೆ ಬೀಳುತ್ತದೆ.

ಹುಟ್ಟಿದ ದಿನ ಕೇಳಿದಲ್ಲಿ ನಿಜವಾದದ್ದನ್ನು ಪ್ರೊಫೈಲಿನಲ್ಲಿ ಕಾಣಿಸಬೇಡಿ, ಹುಟ್ಟುಹಬ್ಬದ ಶುಭಾಶಯಕ್ಕೂ ಅವಕಾಶ ಕೊಡಬೇಡಿ. ಅಮೆರಿಕದ 1990ರ ಜನಗಣತಿಯ ಅಂಕಿಗಳನ್ನು ಇಟ್ಟುಕೊಂಡು ಸಂಶೋಧಕಿ ಲಟಾನ್ಯಾ ಸ್ವೀನಿ 2000ದಲ್ಲಿ ಮಾಡಿದ ಲೆಕ್ಕದಲ್ಲಿ, ಹುಟ್ಟಿದ ದಿನಾಂಕ, ಲಿಂಗ ಮತ್ತು ಅಂಚೆ ಪಿನ್ ಕೋಡ್ ಈ ಮೂರೇ ಸಾಕು, ಸುಮಾರು 87% ಜನರನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಬಹುದಿತ್ತು. ಹೆಸರು ಒಂದೂ ಇಲ್ಲದೆ.

ಒಂದು ಎಚ್ಚರಿಕೆ: ಎಲ್ಲ ಜಾಲತಾಣಗಳ ನಿಯಮ ಒಂದೇ ಅಲ್ಲ. ಫೇಸ್‌ಬುಕ್ ದಿನಬಳಕೆಯ ನಿಜ ಹೆಸರನ್ನೇ ಕೇಳುತ್ತದೆ. ಬೇರೆ ಹೆಸರಿನ ಖಾತೆಗೆ ಬೀಗ ಹಾಕಿ ಗುರುತಿನ ಚೀಟಿ ಕೇಳಬಹುದು. ಆಗ ಗಾಬರಿಯಲ್ಲಿ ಚೀಟಿ ಕಳುಹಿಸಿದವರು ತಮ್ಮ ಕೈಯಾರೆ ಎರಡು ಹೆಸರುಗಳನ್ನು ಜೋಡಿಸಿಕೊಟ್ಟಂತೆ. ರೆಡಿಟ್, ಎಕ್ಸ್, ಮಾಸ್ಟೊಡಾನ್ ಗುಪ್ತನಾಮಕ್ಕೆ ಅವಕಾಶ ಕೊಡುತ್ತವೆ. ಮೊದಲೇ ಅಂಥ ಜಾಗ ಆರಿಸಿ.

## ಹಂತ 3: ಬ್ರೌಸರ್ ಮತ್ತು ಸಂಪರ್ಕ

ಇಮೇಲಿಗಿಂತ ಮೊದಲು ಇದು ಆಗಬೇಕು. ಬಹಳ ಜನ ಇಲ್ಲಿ ಕ್ರಮ ತಪ್ಪುತ್ತಾರೆ: ಹೊಸ ಇಮೇಲನ್ನು ಹಳೆಯ ಬ್ರೌಸರಿನಲ್ಲಿ, ಮನೆಯ ಸಂಪರ್ಕದಲ್ಲಿ, ನಿಜ ಹೆಸರಿನ ಖಾತೆ ಪಕ್ಕದ ಟ್ಯಾಬಿನಲ್ಲಿ ತೆರೆದಿರುವಾಗಲೇ ಮಾಡುತ್ತಾರೆ.

ಪರಿಚಿತರಿಂದ ಮರೆಯಾದರೆ ಸಾಕು ಎನ್ನುವವರು ಗುಪ್ತನಾಮಕ್ಕೆಂದೇ ಒಂದು ಪ್ರತ್ಯೇಕ ಬ್ರೌಸರ್ ಇಟ್ಟುಕೊಂಡು, ಅದರಲ್ಲಿ ನಿಜ ಹೆಸರಿನ ಯಾವ ಖಾತೆಗೂ ಲಾಗಿನ್ ಆಗದಿದ್ದರೆ ಬಹುಪಾಲು ಕೆಲಸ ಮುಗಿಯಿತು. ಒಂದೇ ಬ್ರೌಸರಿನ ಎರಡು ಪ್ರೊಫೈಲ್ ಕೂಡ ನಡೆಯುತ್ತದೆ, ಆದರೆ ಅವಸರದಲ್ಲಿ ತಪ್ಪು ಕಿಟಕಿಯಲ್ಲಿ ಟೈಪ್ ಮಾಡುವ ಅಪಾಯ ಅಲ್ಲಿ ಜಾಸ್ತಿ. ಎರಡು ಬ್ರೌಸರ್‌ಗಳ ಬಣ್ಣವನ್ನಾದರೂ ಬೇರೆ ಬೇರೆ ಇಡಿ. ಇನ್‌ಕಾಗ್ನಿಟೊ ಕಿಟಕಿಯನ್ನು ನೆಚ್ಚಬೇಡಿ. ಅದು ನಿಮ್ಮ ಸಾಧನದಲ್ಲಿ ಇತಿಹಾಸ ಉಳಿಯದಂತೆ ನೋಡಿಕೊಳ್ಳುತ್ತದೆ ಅಷ್ಟೆ, ಐಪಿ ವಿಳಾಸವನ್ನು ಮರೆಸುವುದಿಲ್ಲ.

ವಿಪಿಎನ್ ಮಾಡುವುದು ಒಂದು ಸ್ಥಳಾಂತರ. ನೀವು ಎಲ್ಲಿಗೆ ಹೋಗುತ್ತೀರಿ ಎಂದು ಮೊದಲು ಇಂಟರ್‌ನೆಟ್ ಕಂಪನಿಗೆ ಕಾಣುತ್ತಿತ್ತು, ಈಗ ವಿಪಿಎನ್ ಕಂಪನಿಗೆ ಕಾಣುತ್ತದೆ. ಜತೆಗೆ ಆ ಕಂಪನಿಗೆ ನಿಮ್ಮ ಕಾರ್ಡಿನಿಂದ ಹಣ ಹೋಗಿರುತ್ತದೆ. ಹಾಗೆಂದು ಅದು ನಿರುಪಯುಕ್ತವಲ್ಲ: ಜಾಲತಾಣಕ್ಕೆ ನಿಮ್ಮ ಮನೆಯ ವಿಳಾಸದ ಬದಲು ಬೇರೆ ವಿಳಾಸ ಕಾಣುತ್ತದೆ. ಆದರೆ ಗುಟ್ಟಿಗೆ ಅದೊಂದೇ ಕಾವಲು ಎಂದುಕೊಂಡವರೇ ಹೆಚ್ಚು ಸೋತಿದ್ದಾರೆ.

ಟಾರ್ ನಿಮ್ಮ ಸಂಪರ್ಕವನ್ನು 3 ಕಂಪ್ಯೂಟರ್‌ಗಳ ಮೂಲಕ ದಾಟಿಸುತ್ತದೆ. ಮೊದಲನೆಯದಕ್ಕೆ ನೀವು ಎಲ್ಲಿಂದ ಬಂದಿರಿ ಎಂದು ಗೊತ್ತು, ಕೊನೆಯದಕ್ಕೆ ಎಲ್ಲಿಗೆ ಹೊರಟಿರಿ ಎಂದು ಗೊತ್ತು, ಎರಡೂ ಗೊತ್ತಿರುವುದು ಒಂದೂ ಇಲ್ಲ. ಟಾರ್ ಬ್ರೌಸರಿಗೆ ಎಕ್ಸ್‌ಟೆನ್ಷನ್ ಸೇರಿಸಬೇಡಿ, ಸೆಟ್ಟಿಂಗ್‌ಗಳನ್ನು ನಿಮ್ಮ ರುಚಿಗೆ ತಿದ್ದಬೇಡಿ. ಅದರ ಬಲ ಇರುವುದೇ ಎಲ್ಲರ ಬ್ರೌಸರೂ ಒಂದೇ ತರಹ ಕಾಣುವುದರಲ್ಲಿ. ಕುಕಿ (ಜಾಲತಾಣ ನಿಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಗುರುತಿನ ಸಣ್ಣ ಕಡತ) ಇಲ್ಲದೆಯೂ ಫಾಂಟ್, ಪರದೆಯ ಅಳತೆ, ಸಮಯ ವಲಯ ಇವುಗಳನ್ನು ಸೇರಿಸಿ ಬ್ರೌಸರನ್ನು ಗುರುತಿಸಬಹುದು. ಡಿಜಿಟಲ್ ಹಕ್ಕುಗಳ ಸಂಸ್ಥೆಯಾದ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಷನ್ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೀಗೆ 83.6% ಬ್ರೌಸರ್‌ಗಳು ಬೇರಾವುದಕ್ಕೂ ಹೋಲದ ಒಂಟಿ ಗುರುತು ಹೊಂದಿದ್ದವು. ನಿಮ್ಮದು ಹೇಗಿದೆ ಎಂದು ಅದೇ ಸಂಸ್ಥೆಯ ಕವರ್ ಯುವರ್ ಟ್ರ್ಯಾಕ್ಸ್ ಪುಟದಲ್ಲಿ ನೋಡಬಹುದು.

ಟಾರ್ ಇದ್ದರೂ ಎಲ್ಲಿ ಕೂತು ಬಳಸುತ್ತೀರಿ ಎನ್ನುವುದು ಮುಖ್ಯ. 2013ರ ಡಿಸೆಂಬರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಟಾರ್ ಮೂಲಕ ಹುಸಿ ಬಾಂಬ್ ಬೆದರಿಕೆ ಕಳುಹಿಸಿದ ವಿದ್ಯಾರ್ಥಿಯನ್ನು ಹಿಡಿಯಲು ಯಾರೂ ಟಾರ್ ಭೇದಿಸಲಿಲ್ಲ. ಅವನು ಕೂತಿದ್ದು ವಿಶ್ವವಿದ್ಯಾಲಯದ್ದೇ ವೈಫೈಯಲ್ಲಿ. ಆ ಹೊತ್ತಿಗೆ ಅಲ್ಲಿಂದ ಟಾರ್ ಬಳಸಿದವರು ಯಾರು ಎಂದು ನೋಡಿದ್ದೇ ಸಾಕಾಯಿತು. ಅವನು ಮಾಡಿದ್ದು ಅಪರಾಧ, ಸಿಕ್ಕಿದ್ದು ಸರಿಯೇ. ಆದರೆ ಬೆರಳೆಣಿಕೆಯ ಜನ ಮಾತ್ರ ಬಳಸುವ ಸಾಧನವನ್ನು, ನಿಮ್ಮ ಹೆಸರು ಗೊತ್ತಿರುವ ಜಾಲದಲ್ಲಿ ಬಳಸಿದರೆ ಅದೇ ಗುರುತಾಗುತ್ತದೆ ಎನ್ನುವುದು ಒಳ್ಳೆಯ ಕೆಲಸಕ್ಕೆ ಬರೆಯುವವರಿಗೂ ಅನ್ವಯಿಸುತ್ತದೆ.

## ಹಂತ 4: ಇಮೇಲ್, ಫೋನ್ ನಂಬರ್, ಪಾಸ್‌ವರ್ಡ್

ಈಗ, ಹೊಸ ಬ್ರೌಸರಿನಿಂದ, ಹೊಸ ಇಮೇಲ್. ಪ್ರೋಟಾನ್, ಟೂಟಾ ಮುಂತಾದ ಸೇವೆಗಳಲ್ಲಿ ಸಾಮಾನ್ಯವಾಗಿ ಫೋನ್ ನಂಬರ್ ಇಲ್ಲದೆಯೂ ಖಾತೆ ತೆರೆಯಬಹುದು. ರಿಕವರಿ ಇಮೇಲ್ ಎಂದು ಕೇಳಿದರೆ ಖಾಲಿ ಬಿಡಿ. ಅಲ್ಲಿ ಹಳೆಯ ಇಮೇಲ್ ಹಾಕುವುದು ನಾನು ಕಂಡ ತಪ್ಪುಗಳಲ್ಲೇ ಅತಿ ಸಾಮಾನ್ಯವಾದದ್ದು. ಖಾಲಿ ಬಿಟ್ಟರೆ ಪಾಸ್‌ವರ್ಡ್ ಮರೆತ ದಿನ ಖಾತೆ ಹೋದಂತೆಯೇ, ಆದ್ದರಿಂದ ಪಾಸ್‌ವರ್ಡ್ ಮ್ಯಾನೇಜರ್ ಬೇಕೇ ಬೇಕು.

ಇಂಥ ಸೇವೆಗಳೂ ಕಾನೂನಿಗೆ ಒಳಪಟ್ಟವೇ. 2021ರಲ್ಲಿ ಸ್ವಿಸ್ ಅಧಿಕಾರಿಗಳ ಆದೇಶದ ಮೇರೆಗೆ ಪ್ರೋಟಾನ್ ಸಂಸ್ಥೆ ಫ್ರಾನ್ಸಿನ ಪರಿಸರ ಹೋರಾಟಗಾರರೊಬ್ಬರ ಐಪಿ ವಿಳಾಸವನ್ನು ದಾಖಲಿಸಿ ಒಪ್ಪಿಸಬೇಕಾಯಿತು. ಸಂದೇಶಗಳು ಗೂಢಲಿಪಿಯಲ್ಲಿದ್ದವು, ಐಪಿ ವಿಳಾಸ ಹಾಗಿರಲಿಲ್ಲ. ಒಂದನೇ ಹಂತದ ಮೂರನೇ ಬಗೆ ನಿಮ್ಮದಾಗಿದ್ದರೆ ಇಮೇಲನ್ನೂ ಟಾರ್ ಮೂಲಕವೇ ತೆರೆಯಬೇಕು, ಪ್ರತಿ ಸಲವೂ.

ಫೋನ್ ನಂಬರ್ ಇಲ್ಲದೆ ಮುಂದುವರಿಯಲು ಬಿಡದ ಜಾಲತಾಣವಾದರೆ, ಬೇರೆ ಜಾಲತಾಣ ನೋಡಿ. ನಿಮ್ಮ ಸ್ವಂತ ನಂಬರ್ ಕೊಡುವುದೆಂದರೆ ಅದನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡಿರುವ ಎಲ್ಲರಿಗೂ "ನಿಮಗೆ ಪರಿಚಿತರಿರಬಹುದು" ಎಂಬ ಸಲಹೆಯಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆ ತೆರೆದಂತೆ. ಗೆಳೆಯರ ನಂಬರ್ ಕೊಟ್ಟು ಅವರನ್ನು ಸಿಕ್ಕಿಸಬೇಡಿ. ಎರಡನೇ ಕೋಡನ್ನು ಎಸ್‌ಎಂಎಸ್ ಬದಲು ಆ್ಯಪಿನಿಂದ ಪಡೆಯಿರಿ. ಸಿಗ್ನಲ್ ಎಂಬ ಸಂದೇಶದ ಆ್ಯಪಿನಲ್ಲಿ ಯಾರನ್ನಾದರೂ ಸಂಪರ್ಕಿಸುವುದಿದ್ದರೆ, 2024ರಿಂದ ಅಲ್ಲಿ ಯೂಸರ್‌ನೇಮ್ ಸೌಲಭ್ಯ ಇದೆ, ಎದುರಿನವರಿಗೆ ನಂಬರ್ ತೋರಿಸಬೇಕಿಲ್ಲ. ಆದರೆ ಸಿಗ್ನಲ್ ಖಾತೆ ತೆರೆಯಲು ಈಗಲೂ ನಂಬರ್ ಬೇಕು.

## ಹಂತ 5: ಖಾತೆ ತೆರೆದು, ಮೊದಲ ಪೋಸ್ಟಿಗೆ ಮುನ್ನ ಬಾಗಿಲು ಮುಚ್ಚಿ

ಖಾತೆ ತೆರೆದ ಕೂಡಲೇ ಬರೆಯಬೇಡಿ. ಸೆಟ್ಟಿಂಗ್‌ಗೆ ಹೋಗಿ ಸಂಪರ್ಕಗಳ ಸಿಂಕ್ ಆಫ್ ಮಾಡಿ. ಇಮೇಲ್ ಅಥವಾ ನಂಬರಿನಿಂದ ನಿಮ್ಮನ್ನು ಹುಡುಕುವ ಅವಕಾಶ ಆಫ್ ಮಾಡಿ. ಸ್ಥಳದ ಮಾಹಿತಿ ಆಫ್, ಆನ್‌ಲೈನ್ ಇದ್ದೀರೆಂದು ತೋರಿಸುವುದು ಆಫ್, ಬೇರೆಯವರು ಟ್ಯಾಗ್ ಮಾಡುವುದು ಆಫ್. ಫೋನಿನ ಆ್ಯಪ್ ಹಾಕಿಕೊಳ್ಳದೆ ಬ್ರೌಸರಿನಲ್ಲೇ ಬಳಸಿದರೆ ಈ ತಲೆನೋವು ಅರ್ಧ ಕಡಿಮೆ. ಆ್ಯಪ್ ಸಂಪರ್ಕಪಟ್ಟಿ ಕೇಳುತ್ತದೆ, ಒಂದೇ ಫೋನಿನಲ್ಲಿ ಎರಡು ಖಾತೆಗಳ ನಡುವೆ ಬದಲಾಯಿಸುವ ಸೌಲಭ್ಯ ಕೊಡುತ್ತದೆ, ಆ ಸೌಲಭ್ಯವೇ ಒಂದು ದಿನ ತಪ್ಪು ಖಾತೆಯಿಂದ ಬರೆಸುತ್ತದೆ.

ಆಮೇಲೆ ಒಂದು ಪರೀಕ್ಷೆ ಮಾಡಿ. ಲಾಗ್‌ಔಟ್ ಆಗಿ, "ಪಾಸ್‌ವರ್ಡ್ ಮರೆತಿದ್ದೀರಾ?" ಒತ್ತಿ, ನಿಮ್ಮ ಗುಪ್ತನಾಮ ಹಾಕಿ. ಕೋಡ್ ಎಲ್ಲಿಗೆ ಕಳುಹಿಸಲಿ ಎಂದು ಕೇಳುವಾಗ ಕೆಲವು ಜಾಲತಾಣಗಳು ಇಮೇಲಿನ ಮೊದಲಕ್ಷರವನ್ನೋ ನಂಬರಿನ ಕೊನೆಯ ಅಂಕಿಗಳನ್ನೋ ತೋರಿಸುತ್ತವೆ. ನಿಮಗೆ ಕಾಣುವುದು ಯಾರಿಗೆ ಬೇಕಾದರೂ ಕಾಣುತ್ತದೆ. ನಿಮ್ಮ ನಂಬರ್ ಗೊತ್ತಿರುವ ಸಹೋದ್ಯೋಗಿಗೆ ಆ ಎರಡು ಅಂಕಿಗಳು ಸಾಕು.

## ಹಂತ 6: ಬರವಣಿಗೆಯಲ್ಲೇ ಗುರುತು ಸೋರುವುದನ್ನು ತಡೆಯುವುದು

ಇಲ್ಲಿವರೆಗಿನದೆಲ್ಲ ಒಂದು ಸಂಜೆಯ ಕೆಲಸ. ಇದು ಮಾತ್ರ ಖಾತೆ ಇರುವವರೆಗೂ ನಡೆಯಬೇಕಾದದ್ದು. ಪರಿಚಿತರಿಗೆ ಸಿಕ್ಕಿಬಿದ್ದವರು ಬಹುತೇಕ ಇಲ್ಲಿಯೇ ಸಿಕ್ಕಿಬಿದ್ದಿದ್ದಾರೆ.

ವಿವರಗಳ ಲೆಕ್ಕ ಇಡಿ. ಆಗಲೇ ಹೇಳಿದ ನೋಟ್‌ಬುಕ್ ಇದಕ್ಕೆ. ಗುಪ್ತನಾಮದಲ್ಲಿ ನಿಮ್ಮ ಬಗ್ಗೆ ಹೊರಬಿಟ್ಟ ಪ್ರತಿ ಸಂಗತಿಯನ್ನೂ ಅದರಲ್ಲಿ ಬರೆಯಿರಿ. "ದಾದಿಯ ಕೆಲಸ" ಎಂದು ಒಂದು ಪೋಸ್ಟಿನಲ್ಲಿ ಬರುತ್ತದೆ. ಲಕ್ಷಾಂತರ ದಾದಿಯರಿದ್ದಾರೆ, ಏನೂ ಆಗಲಿಲ್ಲ. ತಿಂಗಳ ನಂತರ "ಅವಳಿ ಮಕ್ಕಳು". ಮತ್ತೊಂದು ದಿನ "ಕೆಲಸಕ್ಕೆ ಸೇರಿದ್ದು ನಲವತ್ತರ ನಂತರ". ಪ್ರತಿಯೊಂದೂ ನಿರಪಾಯಕಾರಿ, ಮೂರೂ ಸೇರಿದರೆ ಆ ಆಸ್ಪತ್ರೆಯಲ್ಲಿ ಒಬ್ಬರೇ. ನೀವು ಪೋಸ್ಟ್‌ಗಳನ್ನು ತಿಂಗಳುಗಳ ಅಂತರದಲ್ಲಿ ಬರೆಯುತ್ತೀರಿ, ಹುಡುಕುವವರು ಒಂದೇ ರಾತ್ರಿ ಎಲ್ಲವನ್ನೂ ಓದುತ್ತಾರೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಬಹಳ ತಪ್ಪುಗಳು ತಪ್ಪುತ್ತವೆ.

ಸಂಗತಿಗಳು ಎಷ್ಟು ಕಡಿಮೆ ಸಾಕು ಎನ್ನುವುದಕ್ಕೆ ಒಂದು ಪುರಾವೆ: ನೆಟ್‌ಫ್ಲಿಕ್ಸ್ 2006ರಲ್ಲಿ ಸುಮಾರು 5 ಲಕ್ಷ ಚಂದಾದಾರರ ಚಿತ್ರ ರೇಟಿಂಗ್‌ಗಳನ್ನು ಹೆಸರು ತೆಗೆದು ಬಿಡುಗಡೆ ಮಾಡಿತ್ತು. ಸಂಶೋಧಕರಾದ ಅರವಿಂದ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೊವ್ 2008ರಲ್ಲಿ ತೋರಿಸಿದ್ದು ಇಷ್ಟು. ಒಬ್ಬರು ನೀಡಿದ 8 ರೇಟಿಂಗ್ ಗೊತ್ತಿದ್ದರೆ, ಅದರಲ್ಲಿ 2 ಪೂರ್ತಿ ತಪ್ಪಾಗಿದ್ದರೂ, ದಿನಾಂಕ 14 ದಿನ ಆಚೀಚೆ ಇದ್ದರೂ, 99% ದಾಖಲೆಗಳನ್ನು ಒಂಟಿಯಾಗಿ ಗುರುತಿಸಬಹುದು. ಸಿನಿಮಾ ಬಗೆಗಿನ ಎಂಟು ಅಭಿಪ್ರಾಯಗಳು. ನಿಮ್ಮ ಖಾತೆಯಲ್ಲಿ ಅದಕ್ಕಿಂತ ಹೆಚ್ಚು ಇರುತ್ತವೆ.

ಸಮಯವನ್ನು ಮಸುಕುಮಾಡಿ. "ನಿನ್ನೆ ನಮ್ಮ ಮೀಟಿಂಗಿನಲ್ಲಿ" ಎಂದು ಶುರುವಾಗುವ ಪೋಸ್ಟನ್ನು ಆ ಮೀಟಿಂಗಿನಲ್ಲಿದ್ದ ಯಾರು ಓದಿದರೂ ಗುರುತಿಸುತ್ತಾರೆ. ಎರಡು ಮೂರು ವಾರ ಬಿಟ್ಟು, "ಒಮ್ಮೆ" ಎಂದು ಬರೆಯಿರಿ. ಇಷ್ಟಕ್ಕೆ ವಿಷಯದ ಬಿಸಿ ಆರುತ್ತದೆ ಎನಿಸಿದರೆ, ಆ ಬಿಸಿ ನಿಮ್ಮದೇ ವಿನಾ ಓದುಗರದಲ್ಲ. ಪೋಸ್ಟ್ ಹಾಕುವ ಹೊತ್ತನ್ನೂ ಬದಲಿಸುತ್ತಿರಿ. ದಿನವೂ ಊಟದ ಬಿಡುವಿನಲ್ಲೇ ಬರುವ, ರಜೆಯಲ್ಲಿ ನಿಲ್ಲುವ ಖಾತೆ ತನ್ನ ಸಮಯ ವಲಯವನ್ನೂ ಕೆಲಸದ ವೇಳೆಯನ್ನೂ ತಾನೇ ಹೇಳುತ್ತದೆ.

ವಿವರ ಬದಲಿಸಿ, ಸತ್ಯ ಬದಲಿಸಬೇಡಿ. ಸಂಖ್ಯೆ, ವಯಸ್ಸು, ಕ್ರಮ, ಋತು, ಇವನ್ನು ಬದಲಿಸಬಹುದು ಅಥವಾ ಬಿಡಬಹುದು. ಆದರೆ ಒಬ್ಬರ ಮೇಲೆ ಆರೋಪ ಮಾಡುವಾಗ ನಡೆಯದ್ದನ್ನು ಸೇರಿಸಿದರೆ ಅದು ಗುರುತು ಮರೆಸುವುದಲ್ಲ, ಸುಳ್ಳು. ಬಿಡುವುದು ಸಾಧ್ಯವಿದ್ದಲ್ಲಿ ಬದಲಿಸುವುದಕ್ಕಿಂತ ಬಿಡುವುದೇ ಮೇಲು. ಕಟ್ಟಿದ ವಿವರವನ್ನು ಮುಂದೆ ನೆನಪಿಟ್ಟುಕೊಳ್ಳಬೇಕಾಗುತ್ತದೆ, ಬಿಟ್ಟದ್ದನ್ನು ನೆನಪಿಡಬೇಕಿಲ್ಲ.

ಬಾಯಲ್ಲಿ ಹೇಳಿದ್ದನ್ನು ಬರೆಯಬೇಡಿ. ಗೆಳೆಯರ ಮುಂದೆ ಹತ್ತು ಸಲ ಹೇಳಿದ ಪ್ರಸಂಗ, ನಿಮ್ಮದೇ ಎಂದು ಹೆಸರಾದ ಉಪಮೆ, ನೀವು ಎಲ್ಲ ಚರ್ಚೆಯಲ್ಲೂ ಎಳೆದುತರುವ ವಾದ, ಇವೆಲ್ಲ ನಿಮ್ಮ ಸಹಿಗಳು. ಪರಿಚಿತರು ಕಣ್ಣಿನಿಂದಲ್ಲ, ಕಿವಿಯಿಂದ ಗುರುತಿಸುತ್ತಾರೆ. ಪ್ರಕಟಿಸುವ ಮುನ್ನ ಗಟ್ಟಿಯಾಗಿ ಓದಿ ನೋಡಿ: ತಂಗಿಯೋ ಅಣ್ಣನೋ ಪಕ್ಕದ ಕೋಣೆಯಲ್ಲಿ ಕೇಳಿದ್ದರೆ ಇದು ನೀವೆಂದು ಹೇಳುತ್ತಿದ್ದರೇ?

ಶೈಲಿಯ ಚಾಳಿಗಳನ್ನು ಹುಡುಕಿ. ನಿಜ ಹೆಸರಿನಲ್ಲಿ ಬರೆದ ಒಂದು ಪುಟ, ಗುಪ್ತನಾಮದಲ್ಲಿ ಬರೆದ ಒಂದು ಪುಟ ಅಕ್ಕಪಕ್ಕ ಇಡಿ. "ಅಂತ" ಎನ್ನುತ್ತೀರೋ "ಎಂದು" ಎನ್ನುತ್ತೀರೋ, ವಾಕ್ಯದ ಕೊನೆಗೆ ಮೂರು ಚುಕ್ಕಿ ಇಡುತ್ತೀರೋ, ಯಾವ ಅಕ್ಷರವನ್ನು ಸದಾ ತಪ್ಪಾಗಿ ಟೈಪ್ ಮಾಡುತ್ತೀರಿ, ಯಾವ ಇಮೋಜಿ, ಇಂಗ್ಲಿಷ್ ಪದವನ್ನು ಯಾವ ಜಾಗದಲ್ಲಿ ಬೆರೆಸುತ್ತೀರಿ, ಯಾವ ಸೀಮೆಯ ಆಡುಮಾತು ನುಸುಳುತ್ತದೆ. ಐದು ಚಾಳಿ ಗುರುತು ಮಾಡಿಕೊಂಡು ಅವನ್ನು ಮಾತ್ರ ಬಿಡಿ. ಪೂರ್ತಿ ಶೈಲಿ ಬದಲಿಸಲು ಹೊರಟರೆ ನಾಲ್ಕು ಪೋಸ್ಟ್ ಆದ ಮೇಲೆ ಹಳೆಯದೇ ಮರಳುತ್ತದೆ. ಗ್ರಂಥಸ್ಥ ಕನ್ನಡದಲ್ಲಿ, ಗಿಡ್ಡ ವಾಕ್ಯಗಳಲ್ಲಿ ಬರೆಯುವುದು ಸುಲಭದ ಉಪಾಯ. ಬರಹದ ಸೊಗಸು ಸ್ವಲ್ಪ ಹೋಗುತ್ತದೆ, ಹೋಗಲಿ.

2013ರಲ್ಲಿ ರಾಬರ್ಟ್ ಗಾಲ್‌ಬ್ರೈತ್ ಎಂಬ ಹೊಸ ಕಾದಂಬರಿಕಾರ ನಿಜಕ್ಕೂ ಜೆ.ಕೆ. ರೌಲಿಂಗ್ ಎಂಬ ಅನುಮಾನವನ್ನು ಗಟ್ಟಿಮಾಡಿದ್ದು ಪದಗಳ ಉದ್ದ, ಅತಿ ಸಾಮಾನ್ಯ ಪದಗಳ ಬಳಕೆಯಂಥವನ್ನು ಕಂಪ್ಯೂಟರಿನಲ್ಲಿ ಹೋಲಿಸಿದ ವಿಶ್ಲೇಷಣೆ. ಬರೆಯುವವರಿಗೆ ತಮ್ಮಲ್ಲಿ ಕಾಣದ ಚಾಳಿಗಳು ಎಣಿಕೆಗೆ ಕಾಣುತ್ತವೆ.

ಎಐ ಸಾಧನಕ್ಕೆ ಕೊಟ್ಟು ಮರುಬರೆಸಿದರೆ ಚಾಳಿಗಳು ಅಳಿಸುತ್ತವೆ ನಿಜ. ಆದರೆ ನಿಜ ಹೆಸರಿನ ಖಾತೆಯಿಂದ ಹಾಗೆ ಮಾಡಿದರೆ ಮೂಲ ಪಠ್ಯ ಆ ಖಾತೆಯ ಇತಿಹಾಸದಲ್ಲಿ ಉಳಿಯುತ್ತದೆ. ಆ ಸಾಧನವನ್ನೂ ಗುಪ್ತನಾಮದ ಬ್ರೌಸರಿನಿಂದಲೇ, ಪ್ರತ್ಯೇಕ ಖಾತೆಯಿಂದಲೇ ಬಳಸಬೇಕು.

## ಹಂತ 7: ಫೋಟೊ, ಸ್ಕ್ರೀನ್‌ಶಾಟ್, ಕಡತ, ಲಿಂಕ್

ಫೋನಿನ ಫೋಟೊ ಒಳಗೆ ತೆಗೆದ ಹೊತ್ತು, ಫೋನಿನ ಮಾದರಿ, ಸ್ಥಳದ ಅಕ್ಷಾಂಶ ರೇಖಾಂಶ ಇರಬಹುದು. 2012ರ ಡಿಸೆಂಬರಿನಲ್ಲಿ ತಲೆಮರೆಸಿಕೊಂಡಿದ್ದ, ಆ್ಯಂಟಿವೈರಸ್ ತಂತ್ರಾಂಶಕ್ಕೆ ಹೆಸರಾದ ಜಾನ್ ಮ್ಯಾಕಫಿ ಗ್ವಾಟೆಮಾಲಾದಲ್ಲಿ ಇದ್ದಾರೆಂದು ತಿಳಿದದ್ದು, ಅವರ ಜತೆಗಿದ್ದ ಪತ್ರಕರ್ತರು ಪ್ರಕಟಿಸಿದ ಫೋಟೊದೊಳಗೆ ಸ್ಥಳದ ಮಾಹಿತಿ ಉಳಿದಿದ್ದರಿಂದ. ಹಲವು ದೊಡ್ಡ ಜಾಲತಾಣಗಳು ಪ್ರಕಟಿಸುವಾಗ ಇದನ್ನು ತೆಗೆಯುತ್ತವೆ, ಆದರೆ ಮೂಲ ಅವರ ಕೈಗೆ ಸಿಕ್ಕಿರುತ್ತದೆ. ಇಮೇಲಿನಲ್ಲಿ ಅಥವಾ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಎಲ್ಲವೂ ಹಾಗೇ ಹೋಗುತ್ತದೆ. ಅಪ್‌ಲೋಡ್ ಮಾಡುವ ಮುನ್ನ ನೀವೇ ತೆಗೆಯಿರಿ. ಚಿತ್ರದ ಒಳಗಿನ ದೃಶ್ಯವನ್ನೂ ನೋಡಿ: ಕನ್ನಡಕದ ಪ್ರತಿಬಿಂಬ, ಕಿಟಕಿಯಾಚೆಯ ಕಟ್ಟಡ, ಮೇಜಿನ ಮೇಲಿನ ಗುರುತಿನ ಚೀಟಿ.

ಸ್ಕ್ರೀನ್‌ಶಾಟಿನಲ್ಲಿ ಬ್ಯಾಟರಿ ಮಟ್ಟ, ನೆಟ್‌ವರ್ಕ್ ಹೆಸರು, ಗುಂಪಿನ ಹೆಸರು ಇರುತ್ತವೆ. ಗುಂಪು ಸಂದೇಶದ ಸ್ಕ್ರೀನ್‌ಶಾಟ್ ಆದರೆ, ಬಲಬದಿಗೆ ಬೇರೆ ಬಣ್ಣದಲ್ಲಿ ಕಾಣುವ ಸಂದೇಶ ಯಾರದ್ದೋ ಅವರೇ ಅದನ್ನು ತೆಗೆದವರು ಎಂದು ಗುಂಪಿನವರಿಗೆಲ್ಲ ತಕ್ಷಣ ಗೊತ್ತಾಗುತ್ತದೆ. ಚಿತ್ರದ ಬದಲು ವಿಷಯವನ್ನು ನಿಮ್ಮ ಮಾತಿನಲ್ಲಿ ಹೇಳುವುದು ಒಳ್ಳೆಯದು.

ಏನನ್ನಾದರೂ ಮರೆಸಬೇಕಾದರೆ ಮಸುಕು ಮಾಡಬೇಡಿ, ಗಟ್ಟಿ ಕಪ್ಪು ಪಟ್ಟಿ ಎಳೆದು, ಅದರ ಮೇಲೆ ಹೊಸದಾಗಿ ಸ್ಕ್ರೀನ್‌ಶಾಟ್ ತೆಗೆದು ಆ ಹೊಸ ಚಿತ್ರವನ್ನು ಬಳಸಿ. 2023ರ ಮಾರ್ಚಿನಲ್ಲಿ ಬಯಲಾದ ಒಂದು ದೋಷದಿಂದ ಗೂಗಲ್ ಪಿಕ್ಸೆಲ್ ಫೋನುಗಳಲ್ಲಿ ಕತ್ತರಿಸಿದ ಸ್ಕ್ರೀನ್‌ಶಾಟ್‌ಗಳ ಕತ್ತರಿಸಿದ ಭಾಗವನ್ನು ಮರಳಿ ಪಡೆಯಬಹುದಾಗಿತ್ತು, ವಿಂಡೋಸಿನ ಸ್ನಿಪ್ಪಿಂಗ್ ಟೂಲಿನಲ್ಲೂ ಅಂಥದ್ದೇ ಇತ್ತು. ಸರಿಪಡಿಸಿದ್ದಾರೆ, ಆದರೆ ಅದಕ್ಕೂ ಮೊದಲು ಹಂಚಿದವು ಹಾಗೇ ಇವೆ. ಪಿಡಿಎಫ್‌ನ ಕಪ್ಪು ಪಟ್ಟಿಯೂ ಮೋಸ ಮಾಡುತ್ತದೆ. 2019ರ ಜನವರಿಯಲ್ಲಿ ಟ್ರಂಪ್ ಚುನಾವಣಾ ಪ್ರಚಾರದ ಮಾಜಿ ಮುಖ್ಯಸ್ಥ ಪಾಲ್ ಮ್ಯಾನಫೋರ್ಟ್ ಅವರ ವಕೀಲರು ಅಮೆರಿಕದ ನ್ಯಾಯಾಲಯಕ್ಕೆ ಸಲ್ಲಿಸಿದ ಪತ್ರದಲ್ಲಿ ಪಟ್ಟಿಯ ಕೆಳಗಿನ ಮಾತನ್ನು ಕಾಪಿ ಮಾಡಿ ಅಂಟಿಸಿ ಓದಲು ಸಾಧ್ಯವಾಗಿತ್ತು.

ವರ್ಡ್ ಕಡತದಲ್ಲಿ ಲೇಖಕರ ಹೆಸರು ಇರುತ್ತದೆ, ಗೂಗಲ್ ಡಾಕ್ಸ್ ಕೊಂಡಿ ಮಾಲೀಕರನ್ನು ತೋರಿಸಬಹುದು. ಲಿಂಕುಗಳ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ: ಇನ್‌ಸ್ಟಾಗ್ರಾಂ, ಯೂಟ್ಯೂಬ್ ಆ್ಯಪಿನ ಶೇರ್ ಗುಂಡಿಯಿಂದ ಬರುವ ಕೊಂಡಿಯ ಬಾಲದಲ್ಲಿ ಹಂಚಿದ್ದನ್ನು ಗುರುತಿಸುವ ಒಂದು ಸಂಕೇತ ಸೇರಿರುತ್ತದೆ. ನಿಜ ಹೆಸರಿನ ಆ್ಯಪಿನಿಂದ ಕೊಂಡಿ ತೆಗೆದು ಗುಪ್ತನಾಮದಲ್ಲಿ ಅಂಟಿಸಿದರೆ ಎರಡನ್ನೂ ಹೊಲಿದಂತೆ. ಅದೇ ಪುಟವನ್ನು ಗುಪ್ತನಾಮದ ಬ್ರೌಸರಿನಲ್ಲಿ ಹುಡುಕಿ, ಮೇಲಿನ ವಿಳಾಸಪಟ್ಟಿಯಿಂದ ಕೊಂಡಿ ತೆಗೆದುಕೊಳ್ಳಿ.

## ಹಂತ 8: ಎರಡು ಬದುಕು ಬೆರೆಯದಂತೆ

ನಿಜ ಹೆಸರಿನ ಖಾತೆಯಿಂದ ಗುಪ್ತನಾಮವನ್ನು ಫಾಲೋ ಮಾಡಬೇಡಿ, ಲೈಕ್ ಮಾಡಬೇಡಿ, ಹಂಚಬೇಡಿ. ಒಂದು ಖಾತೆಯ ಜಗಳದಲ್ಲಿ ಇನ್ನೊಂದರಿಂದ ಬೆಂಬಲ ಕೊಡುವುದು ಗುರುತನ್ನೂ ಕಳೆಯುತ್ತದೆ, ಮರ್ಯಾದೆಯನ್ನೂ ಕಳೆಯುತ್ತದೆ. ಅದೇ ಸುದ್ದಿಯ ಬಗ್ಗೆ ಎರಡೂ ಕಡೆ ಅದೇ ದಿನ ಬರೆಯಬೇಡಿ. ಗುಪ್ತನಾಮದ ಖಾತೆಗೆ ವಿಷಯದ ಒಂದು ಬೇಲಿ ಹಾಕಿಕೊಂಡು, ಅದರಾಚೆಗೆ ನಿಜ ಹೆಸರಿನಲ್ಲಿ ಬರೆಯುವುದು ಎಲ್ಲಕ್ಕಿಂತ ಸುಭದ್ರ.

ಇನ್ನು ಬಾಯಿ. ರೌಲಿಂಗ್ ವಿಷಯದಲ್ಲಿ ಕಂಪ್ಯೂಟರ್ ವಿಶ್ಲೇಷಣೆ ಬಂದದ್ದು ಎರಡನೆಯದಾಗಿ. ಮೊದಲು ಗುಟ್ಟು ಹೊರಬಂದದ್ದು ಅವರ ಕಾನೂನು ಸಂಸ್ಥೆಯ ವಕೀಲರೊಬ್ಬರ ಬಾಯಿಂದ: ಅವರು ಹೆಂಡತಿಯ ಗೆಳತಿಗೆ ಹೇಳಿದರು, ಆಕೆ ಟ್ವಿಟರ್‌ನಲ್ಲಿ ಬರೆದರು. ಯಾರಿಗಾದರೂ ಹೇಳಲೇಬೇಕಿದ್ದರೆ ಅದು ಯಾರು ಎಂದು ಮೊದಲ ಪೋಸ್ಟಿಗೆ ಮುನ್ನವೇ ತೀರ್ಮಾನಿಸಿ. ಮೆಚ್ಚುಗೆ ಬಂದ ದಿನದ ಉತ್ಸಾಹದಲ್ಲಿ ತೀರ್ಮಾನಿಸಬೇಡಿ. "ಇದನ್ನು ಬರೆದದ್ದು ನಾನೇ" ಎಂದು ಹೇಳಿಕೊಳ್ಳುವ ಆಸೆ ಬರುವುದು ಬರಹ ಚೆನ್ನಾಗಿ ಓದಿಸಿಕೊಂಡ ದಿನವೇ.

## ಅಪಾಯದ ಸೂಚನೆಗಳು

ಇವುಗಳಲ್ಲಿ ಒಂದು ಕಂಡರೂ ಬರೆಯುವುದನ್ನು ನಿಲ್ಲಿಸಿ, ನೋಟ್‌ಬುಕ್ ತೆರೆಯಿರಿ.

- ನೀವು ಕೇಳದೆ ಪಾಸ್‌ವರ್ಡ್ ಬದಲಾವಣೆಯ ಕೋಡ್ ಬರುತ್ತಿದೆ. ಯಾರೋ ಐದನೇ ಹಂತದ ಪರೀಕ್ಷೆಯನ್ನು ನಿಮ್ಮ ಮೇಲೆ ಮಾಡುತ್ತಿದ್ದಾರೆ.
- ಗುಪ್ತನಾಮದ ಖಾತೆಗೆ ನಿಜ ಬದುಕಿನ ಪರಿಚಿತರ ಹೆಸರುಗಳು ಸಲಹೆಯಾಗಿ ಬರುತ್ತಿವೆ. ನಂಬರ್, ಇಮೇಲ್ ಅಥವಾ ಸಂಪರ್ಕಪಟ್ಟಿ ಎಲ್ಲೋ ಸೋರಿದೆ.
- ಬಹಳ ಸ್ನೇಹದಿಂದ ಮಾತಾಡುವ ಹೊಸಬರು ಒಂದೊಂದಾಗಿ ಕೇಳುತ್ತಾರೆ: ಅಲ್ಲಿ ಮಳೆಯೇ, ಮಕ್ಕಳು ಎಷ್ಟನೇ ತರಗತಿ, ಯಾವ ಆಫೀಸು.
- ಅವರು ನಿಮಗೊಬ್ಬರಿಗೇ ಒಂದು ಲಿಂಕ್ ಕಳುಹಿಸುತ್ತಾರೆ. ಕ್ಲಿಕ್ ಮಾಡಿದವರ ಐಪಿ ದಾಖಲಿಸುವ ಲಿಂಕುಗಳನ್ನು ಮಾಡುವುದು ಸುಲಭ.
- ಎಂದೋ ಬರೆದ ಹಳೆಯ ಪೋಸ್ಟ್‌ಗಳಿಗೆ ಒಬ್ಬರೇ ಒಂದೇ ದಿನ ಸಾಲಾಗಿ ಪ್ರತಿಕ್ರಿಯಿಸುತ್ತಾರೆ.

## ಗುಟ್ಟು ಬಯಲಾದರೆ

ಮೊದಲ ಗಂಟೆಯಲ್ಲಿ ಉತ್ತರಿಸಬೇಡಿ. ಯಾರೋ ನಿಮ್ಮ ನಿಜ ಹೆಸರನ್ನು ಹೇಳಿ ಕೇಳಿದಾಗ ಅವರ ಬಳಿ ಇರುವುದು ಹಲವು ಸಲ ಊಹೆ ಮಾತ್ರ. ಸಿಟ್ಟಿನ ನಿರಾಕರಣೆ, ದಿಢೀರನೆ ಅಳಿಸಿದ ಪೋಸ್ಟ್, ಎರಡೂ ಆ ಊಹೆಗೆ ಮುದ್ರೆ ಒತ್ತುತ್ತವೆ. ಹೌದು ಎಂದೂ ಅಲ್ಲ ಎಂದೂ ಹೇಳದೆ ಎಂದಿನ ಲಯದಲ್ಲಿ ಮುಂದುವರಿಯಿರಿ. ಬಹಳ ಊಹೆಗಳು ಹೀಗೆಯೇ ಸಾಯುತ್ತವೆ.

ಹೆಸರಿನ ಜತೆ ವಿಳಾಸ, ನಂಬರ್, ಕುಟುಂಬದವರ ವಿವರ ಹಾಕಿದ್ದರೆ ದಾರಿ ಬೇರೆ. ಮೊದಲು ಪುಟದ ವಿಳಾಸ ಮತ್ತು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಏಕೆಂದರೆ ದೂರು ಕೊಟ್ಟ ಮೇಲೆ ಸಾಕ್ಷಿ ಅಳಿಸಿಹೋಗಬಹುದು. ನಂತರ ಜಾಲತಾಣಕ್ಕೆ ಖಾಸಗಿ ಮಾಹಿತಿ ಪ್ರಕಟಿಸಿದ ದೂರು ಕೊಡಿ. ಗೂಗಲ್ ಹುಡುಕಾಟದಲ್ಲಿ ವಿಳಾಸ ಅಥವಾ ನಂಬರ್ ಕಾಣುತ್ತಿದ್ದರೆ ಅದನ್ನು ತೆಗೆಯಲು ಕೋರುವ ಅರ್ಜಿ ಅಲ್ಲೇ ಇದೆ. ಮನೆಯವರಿಗೆ ನೀವೇ ಮೊದಲು ಹೇಳಿ, ಬೇರೆಯವರ ಬಾಯಿಂದ ಕೇಳುವುದು ಅವರಿಗೆ ಹೆಚ್ಚು ನೋವು. ನಿಜ ಹೆಸರಿನ ಖಾತೆಗಳ ಪಾಸ್‌ವರ್ಡ್ ಬದಲಿಸಿ. ದೈಹಿಕ ಬೆದರಿಕೆ ಇದ್ದರೆ ಪೊಲೀಸರ ಬಳಿ ಹೋಗಲು ತಡಮಾಡಬೇಡಿ, ಗುಪ್ತನಾಮದ ಮುಜುಗರಕ್ಕಿಂತ ಜೀವ ದೊಡ್ಡದು.

ಖಾತೆ ಮುಚ್ಚುವುದು ಕೊನೆಯ ಕೆಲಸ. ಅದಕ್ಕೆ ಮುನ್ನ ನಿಮ್ಮ ಪೋಸ್ಟ್‌ಗಳ ಪ್ರತಿ ಇಳಿಸಿಕೊಳ್ಳಿ. ಹಳೆಯ ಜಾಲಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಷಿನ್‌ನಂಥ ಸಂಗ್ರಹಗಳಲ್ಲಿ, ಇತರರ ಸ್ಕ್ರೀನ್‌ಶಾಟ್‌ಗಳಲ್ಲಿ ಅವು ಉಳಿದೇ ಇರಬಹುದು, ಆಗ ನೀವು ನಿಜಕ್ಕೂ ಏನು ಬರೆದಿದ್ದಿರಿ ಎಂದು ತೋರಿಸಲು ನಿಮ್ಮ ಪ್ರತಿ ಬೇಕಾಗುತ್ತದೆ. ಕೆಲವು ಜಾಲತಾಣಗಳಲ್ಲಿ ಅಳಿಸಿದ ಖಾತೆಯ ಹೆಸರನ್ನು ಬೇರೆಯವರು ಪಡೆದು ನಿಮ್ಮ ಹಾಗೆಯೇ ಬರೆಯಬಹುದು. ಅಂಥ ಕಡೆ ಪೋಸ್ಟ್‌ಗಳನ್ನೆಲ್ಲ ಅಳಿಸಿ, ಖಾಲಿ ಖಾತೆಯನ್ನು ಹಾಗೇ ಉಳಿಸಿಕೊಂಡು, ಅದರ ಇಮೇಲಿಗೆ ಆಗಾಗ ಲಾಗಿನ್ ಆಗುತ್ತಿರಿ. ಬಹಳ ಕಾಲ ಬಳಸದ ಇಮೇಲನ್ನು ಸೇವೆಯವರೇ ಮುಚ್ಚಿಬಿಟ್ಟರೆ ಖಾತೆಯ ಕೀಲಿಕೈ ಅದರೊಂದಿಗೇ ಹೋಗುತ್ತದೆ.